ಸ್ಟಿಕ್ಕರ್ ಸಾಕು, ದಾರಿ ಕೊಡಿ

ಕಬ್ಬು ಅರೆಯುವ ಸೀಸನ್ ಶುರುವಾದರೆ ಪೇಪರಿನಲ್ಲಿ ಒಂದು ಫೋಟೊ ಬಂದೇ ಬರುತ್ತದೆ. ಪೊಲೀಸರು ಟ್ರೇಲರ್ ಹಿಂದೆ ಕೆಂಪು ರಿಫ್ಲೆಕ್ಟರ್ ಸ್ಟಿಕ್ಕರ್ ಅಂಟಿಸುತ್ತಿರುತ್ತಾರೆ. ಪಕ್ಕದಲ್ಲಿ ಕಾರ್ಖಾನೆಯವರು ನಿಂತಿರುತ್ತಾರೆ. ಡ್ರೈವರ್ ಕೈಕಟ್ಟಿಕೊಂಡು ಕ್ಯಾಮೆರಾ ಕಡೆ ನೋಡುತ್ತಿರುತ್ತಾನೆ. ನಾವೂ ಇಂಥ ಫೋಟೊ ತೆಗೆದಿದ್ದೇವೆ, ಕೆಳಗೆ ನಾಲ್ಕು ಸಾಲು ಬರೆದು ಕಳಿಸಿದ್ದೇವೆ. ತಪ್ಪು ನಮ್ಮದೂ ಇದೆ. ಈ ಟ್ರ್ಯಾಕ್ಟರ್ ಇವತ್ತು ರಾತ್ರಿ ಯಾವ ದಾರಿ ಹಿಡಿದು ಕಾರ್ಖಾನೆಗೆ ಹೋಗುತ್ತದೆ, ಆ ದಾರಿ ಆರಿಸಿದವರು ಯಾರು ಅಂತ ಒಂದು ಸಲವೂ ಕೇಳಿರಲಿಲ್ಲ.

ಕೇಳಿದರೆ ಉತ್ತರ ಸುಲಭ. ಯಾರೂ ಆರಿಸಿಲ್ಲ.

ಕಟಿಂಗ್ ಆರ್ಡರ್ ಒಮ್ಮೆ ಕೈಗೆ ತಗೊಂಡು ನೋಡಿ. ರೈತನ ಹೆಸರಿದೆ, ಹೊಲದ ಲೆಕ್ಕವಿದೆ, ತಳಿ ಇದೆ, ತಾರೀಖಿದೆ. ಗೇಟಿನಲ್ಲಿ ಗಾಡಿ ನಂಬರ್ ಬರೆದುಕೊಳ್ಳುತ್ತಾರೆ, ತೂಕ ಕಿಲೋ ಲೆಕ್ಕದಲ್ಲಿ ಬರುತ್ತದೆ. ಹೊಲದಿಂದ ಗೇಟಿನ ತನಕ 20 ಟನ್ ಹೊತ್ತು ಬರುವ ಗಾಡಿ ಎಲ್ಲಿ ಹೆದ್ದಾರಿ ಹತ್ತಬೇಕು, ಎಲ್ಲಿ ಇಳಿಯಬೇಕು, ಯಾವ ಇಳಿಜಾರಿನ ಕಡೆ ತಲೆ ಹಾಕಬಾರದು ಅನ್ನುವ ಒಂದು ಸಾಲು ಮಾತ್ರ ಅದರಲ್ಲಿ ಇಲ್ಲ. ಅದನ್ನು ರಾತ್ರಿ ಹನ್ನೊಂದಕ್ಕೆ, ಎರಡು ದಿನದಿಂದ ಸರಿಯಾಗಿ ನಿದ್ದೆ ಮಾಡದ ಒಬ್ಬ ಹುಡುಗ ಸ್ಟೀರಿಂಗ್ ಹಿಡಿದುಕೊಂಡೇ ತೀರ್ಮಾನ ಮಾಡಬೇಕು. ತೀರ್ಮಾನ ತಪ್ಪಿದರೆ ಕೇಸು ಅವನ ಮೇಲೆ.

ನಮ್ಮ ಗುಂಪಿನಲ್ಲಿ ಮಂಡ್ಯ ಕಡೆಯವರಿದ್ದೇವೆ, ಮುಧೋಳ, ಅಥಣಿ ಕಡೆಯವರೂ ಇದ್ದೇವೆ. ಮಂಡ್ಯದಲ್ಲಿ ಹೆಚ್ಚಾಗಿ ಒಂದೇ ಟ್ರೇಲರ್. ಬೆಳಗಾವಿ, ಬಾಗಲಕೋಟೆಯಲ್ಲಿ ಒಂದು ಟ್ರ್ಯಾಕ್ಟರಿಗೆ ಎರಡು ಟ್ರೇಲರ್. ಗಾಡಿ ಬೇರೆಯಾದರೂ ದಾರಿ ಆರಿಸುವ ಗೋಳು ಎರಡೂ ಕಡೆ ಒಂದೇ.

ಮೊದಲು ಮಂಡ್ಯ ನೋಡೋಣ. 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಲ್ಲಿ ಬೈಕು, ಆಟೊ, ಟ್ರ್ಯಾಕ್ಟರ್‌ಗಳಿಗೆ ಪ್ರವೇಶವಿಲ್ಲ. ಈ ನಿಷೇಧ ಬಂದಾಗ ನಮ್ಮ ಊರುಗಳಲ್ಲಿ ಸಿಟ್ಟು ಬಂತು. ನಮ್ಮ ಜಮೀನು ಕೊಟ್ಟ ರಸ್ತೆಯಲ್ಲಿ ನಮಗೇ ಜಾಗವಿಲ್ಲವೇ ಅಂದರು. ಆ ಸಿಟ್ಟು ನ್ಯಾಯವಾದದ್ದೇ. ಆದರೂ ನಮ್ಮ ಮಾತು ಕೆಲವರಿಗೆ ಹಿಡಿಸಲಿಕ್ಕಿಲ್ಲ: ನಿಷೇಧ ಸರಿಯಾದದ್ದು.

ಯಾಕೆಂದು ಲೆಕ್ಕ ಹಾಕಿ. ಕಾರು ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಬರುತ್ತಿದೆ. ತುಂಬಿದ ಟ್ರ್ಯಾಕ್ಟರ್ 20ರಲ್ಲಿ ಹೋಗುತ್ತಿದೆ. ಇಬ್ಬರೂ ಒಂದೇ ದಿಕ್ಕಿನಲ್ಲಿ ಹೋದರೂ ಕಾರು ಟ್ರೇಲರಿನ ಕಡೆ 80ರ ವೇಗದಲ್ಲಿ ನುಗ್ಗುತ್ತಿರುತ್ತದೆ, ಅಂದರೆ ಸೆಕೆಂಡಿಗೆ 22 ಮೀಟರ್. ಡಿಮ್ ಲೈಟಿನಲ್ಲಿ ಕಾರಿನವನಿಗೆ ಟ್ರೇಲರ್ 50 ಮೀಟರ್ ದೂರದಲ್ಲಿ ಕಂಡಿತು ಅಂದುಕೊಳ್ಳಿ. ಅವನ ಕೈಯಲ್ಲಿ ಇರುವುದು ಎರಡು ಸೆಕೆಂಡು ಚಿಲ್ಲರೆ. ನೋಡಿದ್ದು ಏನೆಂದು ತಲೆಗೆ ಹೊಳೆದು ಕಾಲು ಬ್ರೇಕಿಗೆ ಹೋಗುವಷ್ಟರಲ್ಲೇ ಅದರಲ್ಲಿ ಒಂದೂವರೆ ಸೆಕೆಂಡು ಮುಗಿದಿರುತ್ತದೆ.

ರಿಫ್ಲೆಕ್ಟರ್ ಇದೆಯಲ್ಲ ಅನ್ನುತ್ತೀರಿ. ಎಲ್ಲಿದೆ? ಟ್ರೇಲರಿನ ಹಿಂದಿನ ಹಲಗೆ ಮೇಲೆ. ಕಬ್ಬು ಎಲ್ಲಿದೆ? ಹಲಗೆ ದಾಟಿ ಮೂರ್ನಾಲ್ಕು ಅಡಿ ಹೊರಗೆ ಚಾಚಿಕೊಂಡಿದೆ. ಸೋಗೆ ಕೆಳಗೆ ಜೋತು ಬಿದ್ದು ಸ್ಟಿಕ್ಕರನ್ನೂ ಟೇಲ್‌ಲೈಟನ್ನೂ ಮುಚ್ಚಿದೆ. ಟ್ರೇಲರಿಗೆ ಹೋಗುವ ವೈರು ಹೊಲದ ಬದುವಿನಲ್ಲೇ ಕಿತ್ತು ಬಂದಿರುತ್ತದೆ. ಫೋಟೊ ತೆಗೆಯುವಾಗ ಟ್ರೇಲರ್ ಖಾಲಿ ಇತ್ತು, ಅದಕ್ಕೇ ಸ್ಟಿಕ್ಕರ್ ಅಷ್ಟು ಚೆನ್ನಾಗಿ ಕಂಡಿತು. ಸ್ಟಿಕ್ಕರ್ ಬೇಡ ಅನ್ನುತ್ತಿಲ್ಲ. ಚಾಚಿದ ಕಬ್ಬಿನ ತುದಿಗೆ ಒಂದು ಕೆಂಪು ಬ್ಯಾಟರಿ ಲೈಟ್ ಕಟ್ಟಿದರೆ ಅದು ಹತ್ತು ಸ್ಟಿಕ್ಕರಿಗಿಂತ ಹೆಚ್ಚು ಕೆಲಸ ಮಾಡುತ್ತದೆ ಅನ್ನುತ್ತಿದ್ದೇವೆ. ಅದನ್ನೂ ಕಟ್ಟಿ, ಜೊತೆಗೆ ಆ ವೇಗದ ರಸ್ತೆಯಿಂದ ದೂರವೂ ಇರಿ.

ದೂರ ಇರಿ ಅಂದಾಯಿತು. ಹಾಗಾದರೆ ಹೋಗುವುದು ಎಲ್ಲಿ?

ಸರ್ವಿಸ್ ರಸ್ತೆಯಲ್ಲಿ ಹೋಗಿ ಅಂತ ಅಧಿಕಾರಿಗಳು ಹೇಳುತ್ತಾರೆ. ಸರ್ವಿಸ್ ರಸ್ತೆಯೆಂಬುದು ನಕಾಶೆಯಲ್ಲಿ ಗೆರೆ ಎಳೆದಂತೆ ಇರುವುದಿಲ್ಲ. ಹಳ್ಳ ಬಂದಲ್ಲಿ, ರೈಲು ಹಳಿ ಬಂದಲ್ಲಿ ಎಷ್ಟೋ ಕಡೆ ತುಂಡಾಗುತ್ತದೆ. ತುಂಡಾದಲ್ಲಿ ಕಾರಿನವನು ರಿವರ್ಸ್ ತೆಗೆದುಕೊಂಡು ಬೇರೆ ದಾರಿ ಹುಡುಕುತ್ತಾನೆ. ಕಬ್ಬು ತುಂಬಿದ ಟ್ರೇಲರ್ ಕಟ್ಟಿದವನು ರಿವರ್ಸ್ ತೆಗೆಯುವುದು ಹೇಗೆ? ಎರಡು ಟ್ರೇಲರ್ ಇದ್ದರಂತೂ ದೇವರೇ ಬಂದರೂ ಆಗದ ಕೆಲಸ. ಅವನಿಗೆ ಉಳಿಯುವುದು ಒಂದೇ, ಎದುರು ಬದಿಯಲ್ಲಿ ರಾಂಗ್ ಸೈಡಿನಲ್ಲಿ ನುಗ್ಗುವುದು. ಮಾರನೇ ದಿನ ಪೇಪರಿನಲ್ಲಿ ‘ಚಾಲಕನ ಅಜಾಗರೂಕತೆ’ ಅಂತ ಬರುತ್ತದೆ. ಆ ಪದ ಎಫ್‌ಐಆರ್‌ನಿಂದ ಎತ್ತಿ ಸುದ್ದಿಗೆ ಹಾಕುವವರು ನಾವೇ, ಅಂದರೆ ನಮ್ಮಂಥ ವರದಿಗಾರರು.

ಇನ್ನೊಂದು ದಾರಿ ಊರಿನವರಿಗೆಲ್ಲ ಗೊತ್ತು: ಕಾಲುವೆ ಏರಿ. ಪೊಲೀಸರಿಲ್ಲ, ಕಾರುಗಳಿಲ್ಲ, ದೂರವೂ ಕಡಿಮೆ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ವಿಶ್ವೇಶ್ವರಯ್ಯ ನಾಲೆಗೆ ಖಾಸಗಿ ಬಸ್ಸು ಉರುಳಿ 30 ಜನ ಸತ್ತರು. ಮಂಡ್ಯ ಕಡೆ ಆ ದಿನವನ್ನು ಯಾರೂ ಮರೆತಿಲ್ಲ. ಏರಿ ಮೇಲಿನ ರಸ್ತೆ ಮಾಡಿದ್ದು ನೀರಾವರಿ ಇಲಾಖೆಯ ಜೀಪು ಓಡಾಡಿ ಕಾಲುವೆ ನೋಡಿಕೊಳ್ಳಲಿ ಅಂತ. ಅಂಚು ಬರೀ ಮಣ್ಣು. ಎದುರಿಗೆ ಬೈಕು ಬಂತು ಅಂತ ಡ್ರೈವರ್ ಎರಡು ಅಡಿ ಪಕ್ಕಕ್ಕೆ ಸರಿದರೆ ಟ್ರ್ಯಾಕ್ಟರ್ ಚಕ್ರ ಉಳಿಯಬಹುದು. ಹಿಂದಿನ ಟ್ರೇಲರಿನ ಚಕ್ರ ಮಣ್ಣಿನಲ್ಲಿ ಕುಸಿಯುತ್ತದೆ. ಎತ್ತರಕ್ಕೆ ಹೇರಿದ ಕಬ್ಬು ವಾಲಿದ ಮೇಲೆ ಅದನ್ನು ತಡೆಯುವುದು ಯಾವುದೂ ಇಲ್ಲ. ಅದು ಟ್ರ್ಯಾಕ್ಟರನ್ನೂ ಎಳೆದುಕೊಂಡೇ ನೀರಿಗೆ ಹೋಗುತ್ತದೆ.

ಹಾಗಾದರೆ ಉಳಿದದ್ದು ಹಳೇ ರಸ್ತೆ, ಊರೊಳಗಿನ ರಸ್ತೆ. ನಿಧಾನ, ಜನಸಂದಣಿ, ಶಾಲೆ ಮುಂದೆ ಹಾದು ಹೋಗಬೇಕು. ಆದರೂ ಅಲ್ಲಿ ಕಾರು 40ರಲ್ಲಿ ಬರುತ್ತದೆ, ಬೀದಿ ದೀಪ ಇರುತ್ತದೆ, ಗಾಡಿ ಕೆಟ್ಟು ನಿಂತರೆ ನಾಲ್ಕು ಜನ ಓಡಿ ಬರುತ್ತಾರೆ. ಮಕ್ಕಳು ಶಾಲೆಗೆ ಹೋಗುವ, ಬರುವ ಹೊತ್ತು ಬಿಟ್ಟು ಅದೇ ದಾರಿಯಲ್ಲಿ ಹೋಗುವುದು ಉತ್ತಮ ಅನ್ನುವುದು ನಮ್ಮ ಅಭಿಪ್ರಾಯ. ಇದನ್ನು ಒಪ್ಪದವರು ನಮ್ಮ ಗುಂಪಿನಲ್ಲೇ ಇಬ್ಬರಿದ್ದಾರೆ. ಊರೊಳಗೆ ತೂಗಾಡುವ ಕರೆಂಟ್ ತಂತಿ ಕಬ್ಬಿಗೆ ತಾಗಿದರೆ ಏನು ಗತಿ ಅಂತ ಅವರು ಕೇಳುತ್ತಾರೆ. ಕೇಳಬೇಕಾದ ಪ್ರಶ್ನೆಯೇ. ಅದಕ್ಕೇ ಸೀಸನ್‌ಗೆ ಮುಂಚೆ ಆ ದಾರಿಯಲ್ಲಿ ಯಾರಾದರೂ ಅಳತೆ ಕೋಲು ಹಿಡಿದು ನಡೆಯಬೇಕು, ತಂತಿ ಜೋತಿದ್ದರೆ ಎಸ್ಕಾಂಗೆ ಬರೆದು ಕೊಡಬೇಕು. ಅದು ಡ್ರೈವರ್ ಒಬ್ಬನ ಕೆಲಸವೇ?

ಈಗ ಉತ್ತರಕ್ಕೆ ಬನ್ನಿ. ಅಲ್ಲಿ ಎಕ್ಸ್‌ಪ್ರೆಸ್‌ವೇ ಗಲಾಟೆ ಇಲ್ಲ. ನಾಲ್ಕು ಪಥದ ಹೆದ್ದಾರಿ ದಾಟುವ ಗಲಾಟೆ ಇದೆ, ಇಳಿಜಾರಿನ ಗಲಾಟೆ ಇದೆ.

ದಾಟುವುದನ್ನೇ ತಗೊಳ್ಳಿ. ಹೊಲ ಹೆದ್ದಾರಿಯ ಈ ಕಡೆ, ಕಾರ್ಖಾನೆ ಆ ಕಡೆ. ನಡುವೆ ಡಿವೈಡರ್‌ನಲ್ಲಿ ಒಂದು ಗ್ಯಾಪ್. ಟ್ರ್ಯಾಕ್ಟರ್, ಎರಡು ಟ್ರೇಲರ್, ಚಾಚಿದ ಕಬ್ಬು ಎಲ್ಲ ಸೇರಿದರೆ ಉದ್ದ 15 ಮೀಟರ್ ಕಡಿಮೆಯಿಲ್ಲ. ಡಿವೈಡರ್ ಅಗಲ ಅದರ ಅರ್ಧವೂ ಇರುವುದಿಲ್ಲ. ಕಾರಿನ ಥರ ಅರ್ಧ ದಾಟಿ, ನಡುವೆ ನಿಂತು, ಆ ಕಡೆ ನೋಡಿ ಮುಂದಕ್ಕೆ ಹೋಗುವ ಅವಕಾಶ ಈ ಸರಪಳಿಗೆ ಇಲ್ಲ. ದಾಟಿದರೆ ಎರಡೂ ಬದಿ ಒಂದೇ ಸಲ ದಾಟಬೇಕು, ಇಲ್ಲವಾದರೆ ಹಿಂದಿನ ಟ್ರೇಲರ್ ಹೆದ್ದಾರಿಗೆ ಅಡ್ಡ ನಿಂತಿರುತ್ತದೆ. ರಸ್ತೆಯ ಅಗಲ, ಗಾಡಿಯ ಉದ್ದ ಸೇರಿ ಸುಮಾರು 40 ಮೀಟರ್ ಸಾಗಬೇಕು. ನಿಂತ ಜಾಗದಿಂದ ಲೋ ಗೇರಿನಲ್ಲಿ, ಗಂಟೆಗೆ 5 ಕಿಲೋಮೀಟರ್ ವೇಗದಲ್ಲಿ ಹೊರಟರೆ ಅರ್ಧ ನಿಮಿಷ ಬೇಕು. 100ರಲ್ಲಿ ಬರುವ ಕಾರು ಅರ್ಧ ನಿಮಿಷದಲ್ಲಿ 800 ಮೀಟರಿಗಿಂತ ಹೆಚ್ಚು ದೂರ ಬಂದಿರುತ್ತದೆ. ಅಂದರೆ ಡ್ರೈವರ್ ಹೊರಡುವ ಕ್ಷಣದಲ್ಲಿ ಅವನ ಕಣ್ಣಿಗೆ ಕಾಣದೇ ಇದ್ದ ಕಾರು, ಅವನ ಹಿಂದಿನ ಟ್ರೇಲರ್ ದಾಟುವ ಮುಂಚೆ ಬಂದು ತಲುಪಬಹುದು. ಡಿಸೆಂಬರ್ ಬೆಳಗಿನ ಮಂಜಿನಲ್ಲಂತೂ 800 ಮೀಟರ್ ಬಿಡಿ, 80 ಮೀಟರ್ ಕಂಡರೆ ಪುಣ್ಯ.

ಇಲ್ಲಿ ಡ್ರೈವರ್ ಎಷ್ಟು ಜಾಣ, ಎಷ್ಟು ವರ್ಷದ ಅನುಭವ ಅನ್ನುವುದು ಲೆಕ್ಕಕ್ಕೇ ಬರುವುದಿಲ್ಲ. ‘ಇಪ್ಪತ್ತು ವರ್ಷದಿಂದ ಓಡಸ್ತೀನಿ’ ಅನ್ನುವವನೂ ಆ ಗ್ಯಾಪಿನಲ್ಲಿ ಅದೃಷ್ಟ ನಂಬಿಕೊಂಡೇ ದಾಟುತ್ತಿರುವುದು. ಎರಡು ಕಿಲೋಮೀಟರ್ ಮುಂದೆ ಅಂಡರ್‌ಪಾಸ್ ಇದ್ದರೆ ಸರ್ವಿಸ್ ರಸ್ತೆಯಲ್ಲಿ ಅಲ್ಲಿತನಕ ಹೋಗಿ, ಕೆಳಗೆ ನುಸುಳಿ, ಆ ಕಡೆಯಿಂದ ವಾಪಸು ಬರಬೇಕು. ಸುತ್ತು ನಾಲ್ಕು ಕಿಲೋಮೀಟರ್. ಅಂಡರ್‌ಪಾಸಿನ ಎತ್ತರ ಸಾಕೇ, ಒಳಗೆ ನೀರು ನಿಂತಿದೆಯೇ ಅಂತ ಹಗಲಿನಲ್ಲೇ ನೋಡಿರಬೇಕು.

ನಾಲ್ಕು ಕಿಲೋಮೀಟರ್ ಸುತ್ತಿಗೆ ಖರ್ಚೆಷ್ಟು? ಹೋಗಿ ಬರಲು ಹೆಚ್ಚುವರಿ ಮೂರು ಲೀಟರ್ ಡೀಸೆಲ್ ಅನ್ನಿ. ಲೀಟರಿಗೆ 90 ರೂಪಾಯಿ ಹಿಡಿದರೆ 270 ರೂಪಾಯಿ. 20 ಟನ್ನಿಗೆ ಹಂಚಿದರೆ ಟನ್ನಿಗೆ 13 ರೂಪಾಯಿ 50 ಪೈಸೆ. ಇಷ್ಟು ದುಡ್ಡಿಗಾಗಿ ಅವನು ಆ ಗ್ಯಾಪಿನಲ್ಲಿ ನುಗ್ಗುತ್ತಿದ್ದಾನೆ. ಯಾಕೆಂದರೆ ಬಾಡಿಗೆ ಕೊಡುವ ದೂರದ ಲೆಕ್ಕದಲ್ಲಿ ಆ ಸುತ್ತು ಇಲ್ಲ. ಸುತ್ತಿದರೆ ಡೀಸೆಲ್ ಅವನ ಮಾಲೀಕನ ಜೇಬಿನಿಂದ, ಮಾಲೀಕನ ಬೈಗುಳ ಅವನಿಗೆ. ಹತ್ತಿರದ ದಾರಿಗೆ ದುಡ್ಡು ಕೊಟ್ಟು, ಸುರಕ್ಷಿತವಾಗಿ ಬಾ ಅಂತ ಬೋಧನೆ ಮಾಡಿದರೆ ಯಾವ ಡ್ರೈವರ್ ಕೇಳುತ್ತಾನೆ?

ಇಳಿಜಾರಿನ ವಿಷಯ ಇನ್ನೂ ಗಂಭೀರ. ನಿಪ್ಪಾಣಿ ಹತ್ತಿರದ ತವಂದಿ ಘಾಟ್ ಗೊತ್ತಿರಬೇಕು, ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ. ಅಲ್ಲಿ ಬ್ರೇಕ್ ಫೇಲ್ ಆದ ಲಾರಿಗಳ ಸುದ್ದಿ ಆಗಾಗ ಕೇಳುತ್ತೀರಿ. ಅಂಥ ದೊಡ್ಡ ಘಾಟೇ ಬೇಕಿಲ್ಲ. ನಿಮ್ಮೂರ ಹಳ್ಳದ ಇಳಿಜಾರು ಸಾಕು. ನೂರು ಮೀಟರಿಗೆ ಐದು ಮೀಟರ್ ಇಳಿಯುವ ರಸ್ತೆಯಲ್ಲಿ ಎಲ್ಲ ಸೇರಿ 25 ಟನ್ ಗಾಡಿ ಇಳಿಯುತ್ತಿದ್ದರೆ ಒಂದೂಕಾಲು ಟನ್ ಬಲ ಅದನ್ನು ಕೆಳಕ್ಕೆ ನೂಕುತ್ತಿರುತ್ತದೆ. ತಡೆಯಬೇಕಾದದ್ದು ಟ್ರ್ಯಾಕ್ಟರಿನ ಹಿಂದಿನ ಎರಡು ಚಕ್ರದ ಬ್ರೇಕು ಮಾತ್ರ, ಏಕೆಂದರೆ ನಮ್ಮ ಕಡೆ ಬಹುಪಾಲು ಟ್ರೇಲರಿಗೆ ಸ್ವಂತ ಬ್ರೇಕೇ ಇಲ್ಲ. ಟ್ರ್ಯಾಕ್ಟರಿನ ಸ್ವಂತ ತೂಕ ಎರಡು, ಎರಡೂವರೆ ಟನ್. ಬ್ರೇಕ್ ಜೋರಾಗಿ ಒತ್ತಿದರೆ ಟ್ರ್ಯಾಕ್ಟರ್ ನಿಲ್ಲಲು ನೋಡುತ್ತದೆ, ಟ್ರೇಲರ್ ನಿಲ್ಲುವುದಿಲ್ಲ. ಹಿಂದಿನಿಂದ ನೂಕಿ ಟ್ರ್ಯಾಕ್ಟರನ್ನು ಅಡ್ಡ ತಿರುಗಿಸುತ್ತದೆ. ಮಡಚುವ ಚಾಕು ಮಡಚಿದ ಹಾಗೆ.

ಇದರ ಜೊತೆಗೆ ಎರಡು ಕೆಟ್ಟ ಚಾಳಿಗಳಿವೆ, ಮುಚ್ಚಿಟ್ಟು ಪ್ರಯೋಜನವಿಲ್ಲ. ಒಂದು, ಡೀಸೆಲ್ ಉಳಿಸಲು ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುವುದು. ಇಂಜಿನ್ ಹಿಡಿತ ಹೋಯಿತೆಂದರೆ ಮತ್ತೆ ಗೇರ್ ಬೀಳುವುದಿಲ್ಲ. ಏರುವಾಗ ಯಾವ ಗೇರ್ ಬೇಕೋ ಇಳಿಯುವಾಗಲೂ ಅದೇ ಗೇರ್ ಇರಬೇಕು, ಅದನ್ನು ಇಳಿಜಾರು ಶುರುವಾಗುವ ಮುಂಚೆಯೇ ಹಾಕಿರಬೇಕು. ಇನ್ನೊಂದು ಬ್ರೇಕ್ ಪೆಡಲಿನ ಕೊಂಡಿ. ಟ್ರ್ಯಾಕ್ಟರಿಗೆ ಎಡಕ್ಕೊಂದು, ಬಲಕ್ಕೊಂದು ಬ್ರೇಕ್ ಪೆಡಲ್ ಇರುತ್ತದೆ, ಹೊಲದಲ್ಲಿ ಚಿಕ್ಕದಾಗಿ ತಿರುಗಿಸಲು. ರಸ್ತೆಗೆ ಬಂದಾಗ ಎರಡನ್ನೂ ಕೊಂಡಿ ಹಾಕಿ ಜೋಡಿಸಬೇಕು. ಹೊಲದಿಂದ ಸೀದಾ ರಸ್ತೆಗೆ ಬಂದವನು ಮರೆಯುತ್ತಾನೆ. ಗಾಬರಿಯಲ್ಲಿ ಒಂದೇ ಪೆಡಲ್ ಒತ್ತಿದರೆ ಒಂದೇ ಚಕ್ರ ಹಿಡಿಯುತ್ತದೆ, ಗಾಡಿ ಬುಗುರಿಯಂತೆ ತಿರುಗುತ್ತದೆ. ಇದನ್ನು ಓದುತ್ತಿರುವವರ ಮನೆಯಲ್ಲಿ ಟ್ರ್ಯಾಕ್ಟರ್ ಇದ್ದರೆ ಈಗಲೇ ಹೋಗಿ ಆ ಕೊಂಡಿ ಇದೆಯೋ ತುಕ್ಕು ಹಿಡಿದು ಬಿದ್ದಿದೆಯೋ ನೋಡಿ ಬನ್ನಿ.

ಏರುವಾಗ ಬೇರೆ ಕಥೆ. ಹಿಂದಿನ ಎಳೆತಕ್ಕೆ ಮುಂದಿನ ಚಕ್ರ ನೆಲ ಬಿಡುತ್ತದೆ. ಚಕ್ರ ನೆಲದಲ್ಲಿ ಇಲ್ಲದಿದ್ದರೆ ಸ್ಟೀರಿಂಗ್ ತಿರುಗಿಸಿ ಏನು ಲಾಭ? ಕೊಕ್ಕೆಯನ್ನು ಎತ್ತರಕ್ಕೆ ಸಿಕ್ಕಿಸಿದಷ್ಟೂ ಇದು ಬೇಗ ಆಗುತ್ತದೆ.

ಇಷ್ಟೆಲ್ಲ ಹೇಳಿದ್ದು ಡ್ರೈವಿಂಗ್ ಪಾಠ ಮಾಡಲು ಅಲ್ಲ. ಎಷ್ಟೇ ಹುಷಾರಿದ್ದರೂ ಕೆಲವು ಇಳಿಜಾರು ಈ ಗಾಡಿಗೆ ಆಗಿಬರುವುದಿಲ್ಲ, ಅಲ್ಲಿಗೆ ಹೋಗಲೇಬಾರದು. ಹೋಗಬಾರದು ಅಂತ ಲೋಡ್ ಮಾಡುವ ಮುಂಚೆಯೇ ಗೊತ್ತಿರಬೇಕು. ಅರ್ಧ ಇಳಿಜಾರಿನಲ್ಲಿ ಗೊತ್ತಾದರೆ ಉಪಯೋಗವಿಲ್ಲ. ಗೂಗಲ್ ಮ್ಯಾಪ್ ಇದೆಯಲ್ಲ ಅನ್ನುವ ಹುಡುಗರೂ ಇದ್ದಾರೆ. ಅದು ಕಾರಿಗೆ, ಬೈಕಿಗೆ ದಾರಿ ಹೇಳುತ್ತದೆ. ಹಿಂದೆ 20 ಟನ್ ಕಬ್ಬಿದೆ, ಬ್ರೇಕಿಲ್ಲ ಅಂತ ಅದಕ್ಕೆ ಹೇಳಲು ಜಾಗವೇ ಇಲ್ಲ.

ದೊಡ್ಡ ಟ್ರೇಲರ್ ಎಳೆಯುವ ಕಷ್ಟ ನಮ್ಮೊಬ್ಬರದೇ ಅಲ್ಲ. ಅಮೆರಿಕದಲ್ಲಿ ಜನ ರಜೆಗೆ ಹೊರಡುವಾಗ ಮಂಚ, ಅಡುಗೆಮನೆ, ಬಚ್ಚಲು ಎಲ್ಲ ಇರುವ ಮನೆಯಂಥ ಟ್ರೇಲರನ್ನೇ ಗಾಡಿಗೆ ಕಟ್ಟಿಕೊಂಡು ಹೋಗುತ್ತಾರೆ. ಅವರಿಗೂ ಇಳಿಜಾರು, ಕಿರಿದಾದ ರಸ್ತೆ, ಗಿಡ್ಡ ಸೇತುವೆಯ ಭಯ ಇದೆ. ಮೊಂಟಾನಾ ರಾಜ್ಯದ ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನದ ಬೆಟ್ಟದ ರಸ್ತೆಯ ನಡುಭಾಗಕ್ಕೆ 21 ಅಡಿಗಿಂತ ಉದ್ದದ, 8 ಅಡಿಗಿಂತ ಅಗಲದ ಗಾಡಿಯನ್ನು ಬಿಡುವುದೇ ಇಲ್ಲ. ಟ್ರೇಲರ್ ಕಟ್ಟಿದ್ದರೆ ಅದನ್ನೂ ಸೇರಿಸಿ ಅಳೆಯುತ್ತಾರೆ. ವ್ಯೋಮಿಂಗ್ ರಾಜ್ಯದ ಟೀಟನ್ ಪಾಸ್ ಎಂಬ ಘಾಟಿಯಲ್ಲಿ ನೂರಕ್ಕೆ ಹತ್ತರಷ್ಟು ಇಳಿಜಾರು. ಅಲ್ಲಿ ಚಳಿಗಾಲದಲ್ಲಿ ಟ್ರೇಲರ್‌ಗೆ ಪ್ರವೇಶವಿಲ್ಲ. ಮೋಜಿಗೆ ಹೊರಟವನ ಟ್ರೇಲರಿಗೆ ಯಾವ ರಸ್ತೆ ಆಗದು ಅಂತ ಸರ್ಕಾರ ಮೊದಲೇ ಕೂತು ಯೋಚಿಸಿದೆ. ನಮ್ಮಲ್ಲಿ ದೇಶದ ಸಕ್ಕರೆ ಹೊತ್ತು ತರುವವನಿಗೆ ಸ್ಟಿಕ್ಕರ್ ಕೊಟ್ಟಿದ್ದೇವೆ.

ಅಲ್ಲೂ ಎಲ್ಲ ಸರಿಯಿದೆ ಅಂತಲ್ಲ. ನಾರ್ತ್ ಕರೊಲಿನಾ ರಾಜ್ಯದ ಡರಂ ಊರಿನಲ್ಲಿ ಒಂದು ರೈಲ್ವೆ ಸೇತುವೆ ಇದೆ. ಎತ್ತರ 11 ಅಡಿ 8 ಇಂಚು ಇತ್ತು. ಎತ್ತರದ ಲಾರಿಗಳು ಬಂದು ಅದಕ್ಕೆ ಗುದ್ದಿ ಮೇಲಿನ ತಗಡು ಸುಲಿಸಿಕೊಳ್ಳುವುದು ಅಲ್ಲಿ ಮಾಮೂಲಿ. ಬೋರ್ಡ್ ಹಾಕಿದರು, ಎತ್ತರದ ಗಾಡಿ ಬಂದರೆ ಮಿನುಗುವ ದೀಪ ಹಾಕಿದರು, ಸಿಗ್ನಲ್ ಹಾಕಿದರು. ಗುದ್ದುವುದು ನಿಲ್ಲಲಿಲ್ಲ. ಕೊನೆಗೆ 2019ರಲ್ಲಿ ಸೇತುವೆಯನ್ನೇ 8 ಇಂಚು ಎತ್ತಿದರು. ಈಗಲೂ ಒಮ್ಮೊಮ್ಮೆ ಗುದ್ದುತ್ತಾರಂತೆ, ಅದು ಬೇರೆ ಮಾತು. ಎಚ್ಚರಿಕೆ ಬೋರ್ಡು ಹಾಕಿದ್ದೇವೆ, ಇನ್ನು ನಿಮ್ಮ ಹಣೆಬರಹ ಅಂತ ಕೈತೊಳೆದುಕೊಳ್ಳದೆ ಕೊನೆಗೆ ರಸ್ತೆ ಕಡೆ ಕೈ ಹಾಕಿದರಲ್ಲ, ನಮಗೆ ಬೇಕಾದದ್ದು ಅದು.

ನಮ್ಮಲ್ಲಿ ಕಾನೂನು ಇಲ್ಲವೇ? ಇದೆ. 2019ರಲ್ಲಿ ಮೋಟಾರು ವಾಹನ ಕಾಯ್ದೆ ತಿದ್ದಿದಾಗ ಓವರ್‌ಲೋಡ್ ದಂಡ 20 ಸಾವಿರ ರೂಪಾಯಿ, ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2 ಸಾವಿರ ಅಂತ ಮಾಡಿದರು. ಇದು ಎಲ್ಲ ಡ್ರೈವರಿಗೂ ಗೊತ್ತು. ಅದೇ ತಿದ್ದುಪಡಿಯಲ್ಲಿ 198ಎ ಅಂತ ಇನ್ನೊಂದು ಕಲಮು ಬಂತು. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆ ನಿಯಮದಂತೆ ಇಲ್ಲದೆ ಸಾವು ಅಥವಾ ಅಂಗವೈಕಲ್ಯ ಆದರೆ ಅದಕ್ಕೆ ಹೊಣೆಯಾದ ಅಧಿಕಾರಿ, ಗುತ್ತಿಗೆದಾರ, ಸಲಹೆಗಾರ ಯಾರೇ ಇದ್ದರೂ ಒಂದು ಲಕ್ಷದ ತನಕ ದಂಡ. ಈ ನಂಬರ್ ಬರೆದಿಟ್ಟುಕೊಳ್ಳಿ. ಸರ್ವಿಸ್ ರಸ್ತೆ ತುಂಡಾದಲ್ಲಿ, ಗುರುತಿಲ್ಲದ ಗ್ಯಾಪಿನಲ್ಲಿ ಅಪಘಾತ ಆದಾಗ ಠಾಣೆಯಲ್ಲಿ ಈ ಕಲಮಿನ ಹೆಸರು ಎತ್ತಿ.

ಕಾರ್ಖಾನೆಯವರ ಉತ್ತರ ನಮಗೆ ಗೊತ್ತು. ‘ಟ್ರ್ಯಾಕ್ಟರ್ ನಮ್ಮದಲ್ಲ, ಡ್ರೈವರ್ ನಮ್ಮವನಲ್ಲ.’ ಸರಿ. ಗ್ಯಾಂಗಿಗೆ ಅಡ್ವಾನ್ಸ್ ಕೊಡುವವರು ಯಾರು? ಯಾವ ಹೊಲಕ್ಕೆ ಯಾವ ಗಾಡಿ, ಯಾವ ದಿನ ಅಂತ ಹೇಳುವವರು ಯಾರು? ರೈತನ ಬಿಲ್ಲಿನಲ್ಲಿ ಕಟಾವು, ಸಾಗಾಣಿಕೆ ಅಂತ ಹಣ ಮುರಿದುಕೊಳ್ಳುವವರು ಯಾರು? ಮುರಿದುಕೊಳ್ಳುವಾಗ ಸಾಗಾಣಿಕೆ ನಿಮ್ಮದು, ಗಾಡಿ ಉರುಳಿದಾಗ ಮಾತ್ರ ಟ್ರ್ಯಾಕ್ಟರ್ ಯಾರದೋ. ಇದು ಯಾವ ನ್ಯಾಯ? ಸಾಗಾಣಿಕೆ ದುಡ್ಡು ಕೊನೆಗೆ ಹೋಗುವುದು ರೈತನ ಕಬ್ಬಿನ ಬೆಲೆಯಿಂದ. ಹಾಗಾಗಿ ದಾರಿ ಕೇಳುವ ಹಕ್ಕು ರೈತನಿಗಿದೆ.

ಆದರೆ ರೈತರೂ ಕೇಳಿಲ್ಲ. 2025ರ ನವೆಂಬರಿನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬಿನ ಬೆಲೆಗಾಗಿ ಸಾವಿರಾರು ರೈತರು ಹಗಲು ರಾತ್ರಿ ರಸ್ತೆಯಲ್ಲೇ ಕೂತರು. ಕೂರಲೇಬೇಕಿತ್ತು. ಅಷ್ಟು ದೊಡ್ಡ ಬೇಡಿಕೆ ಪಟ್ಟಿಗಳ ನಡುವೆ ‘ಟ್ರ್ಯಾಕ್ಟರ್ ಹೋಗುವ ದಾರಿ ಗುರುತು ಮಾಡಿ’ ಅನ್ನುವ ಸಾಲು ನಮ್ಮ ಕಣ್ಣಿಗೆ ಎಲ್ಲೂ ಬೀಳಲಿಲ್ಲ.

ನಮ್ಮ ಊರಿನ ಮಾತನ್ನೂ ಆಡಿಬಿಡೋಣ. ಇನ್ನೊಂದು ಕ್ವಿಂಟಲ್ ಹೇರಪ್ಪಾ, ಮತ್ತೆ ಗಾಡಿ ಯಾವಾಗ ಬರುತ್ತೋ ಅಂತ ಒತ್ತಾಯ ಮಾಡುವವರು ನಾವೇ. ಕಡಿದ ಕಬ್ಬು ಒಣಗಿದರೆ ತೂಕ ಹೋಗುತ್ತದೆ ಅನ್ನುವ ಸಂಕಟ ನಿಜ. ಆದರೂ ಹೇರುವುದು ನಾವೇ. ರಸ್ತೆ ಮೇಲೆ ಹುರುಳಿ, ರಾಗಿ ಹರಡಿ ಕಣ ಮಾಡುವವರು ನಾವೇ, ಅದರ ಮೇಲೆ ಜಾರಿದ ಬೈಕಿನವನಿಗೆ ನೀರು ಕೊಡುವವರೂ ನಾವೇ. ಪಂಚಾಯಿತಿಗೂ ಹೇಳದೆ, ಬಣ್ಣವೂ ಬಳಿಯದೆ ಹಂಪ್ ಹಾಕುತ್ತೇವೆ. ತುಂಬಿದ ಟ್ರೇಲರ್ ಅದರ ಮೇಲೆ ಹತ್ತಿ ಇಳಿದರೆ ಕೊಕ್ಕೆಯ ಪಿನ್ ಎಗರುತ್ತದೆ. ಪಂಕ್ಚರ್ ಆದಾಗ ಚಕ್ರಕ್ಕೆ, ಗಾಡಿ ಸುತ್ತ ಕಲ್ಲು ಇಡುತ್ತೇವೆ. ಗಾಡಿ ಹೋದ ಮೇಲೆ ಕಲ್ಲು ಅಲ್ಲೇ. ಎರಡು ನಿಮಿಷದ ಕೆಲಸ, ಯಾರೂ ಎತ್ತಿ ಹಾಕುವುದಿಲ್ಲ.

ವಿಮೆ ವಿಷಯವೂ ಹೀಗೇ. ಟ್ರೇಲರಿಗೆ ಬೇರೆಯೇ ರಿಜಿಸ್ಟ್ರೇಷನ್, ವಿಮೆ ಬೇಕು. ಕೃಷಿ ಕೆಲಸಕ್ಕೆ ಅಂತ ವಿಮೆ ಮಾಡಿಸಿದ ಟ್ರ್ಯಾಕ್ಟರನ್ನು ಬಾಡಿಗೆಗೆ ಓಡಿಸಿದಾಗ ಅಪಘಾತ ಆದರೆ ಕಂಪನಿ ಜಗಳಕ್ಕೆ ನಿಲ್ಲುತ್ತದೆ. ಕಬ್ಬಿನ ಮೇಲೆ ಕೂತು ಬರುವ ಕಟಾವಿನ ಆಳುಗಳಿಗಂತೂ ಆ ಕಾಗದದಲ್ಲಿ ಜಾಗವೇ ಇರುವುದಿಲ್ಲ. ಇದರ ಬಗ್ಗೆ ಬೇರೆಯೇ ಬರೆಯಬೇಕು.

ನಾವು ಕೇಳುತ್ತಿರುವುದು ದೊಡ್ಡ ಯೋಜನೆಯಲ್ಲ. ಕಾರ್ಖಾನೆಯ ಪ್ರತಿ ವಲಯದಿಂದ ಗೇಟಿನ ತನಕ ಒಂದು ದಾರಿ ಗುರುತು ಮಾಡಿ. ಸೀಸನ್‌ಗೆ ಒಂದು ತಿಂಗಳ ಮುಂಚೆ ಕಾರ್ಖಾನೆಯ ಫೀಲ್ಡ್‌ಮನ್, ಠಾಣೆಯ ಒಬ್ಬರು, ಪಿಡಬ್ಲ್ಯುಡಿಯ ಒಬ್ಬರು, ಇಬ್ಬರು ಹಳೇ ಡ್ರೈವರ್‌ಗಳು ಆ ದಾರಿಯಲ್ಲಿ ಹಗಲು ಒಮ್ಮೆ, ರಾತ್ರಿ ಒಮ್ಮೆ ಹೋಗಿ ಬರಲಿ. ಹೆದ್ದಾರಿ ಎಲ್ಲಿ ದಾಟಬೇಕು ಅಂತ ಒಂದೇ ಜಾಗ ಗೊತ್ತು ಮಾಡಲಿ, ಅಲ್ಲಿ ರಾತ್ರಿ ಲೈಟು, ಬಾವುಟ ಹಿಡಿದ ಒಬ್ಬ ಮನುಷ್ಯ ಇರಲಿ. ಕೆಟ್ಟ ಗಾಡಿ ನಿಲ್ಲಿಸಲು, ನಿದ್ದೆ ಬಂದವನು ಮಲಗಲು ಹತ್ತು ಕಿಲೋಮೀಟರಿಗೆ ಒಂದು ಬಯಲು ಗುರುತಿಸಲಿ. ಕಾರ್ಖಾನೆ ಯಾರ್ಡ್ ತುಂಬಿದಾಗ ಸಾಲು ಹೆದ್ದಾರಿ ಮೇಲೆ ನಿಲ್ಲುವುದು ಬೇಡ, ಹೊಲದಲ್ಲೇ ಲೋಡಿಂಗ್ ತಡೆಯಲಿ. ಆ ದಾರಿಯ ಕಿಲೋಮೀಟರ್ ಎಷ್ಟೋ ಅಷ್ಟಕ್ಕೇ ಬಾಡಿಗೆ ಲೆಕ್ಕ ಹಾಕಲಿ, ಸುತ್ತೂ ಸೇರಿಸಿ. ಆ ಹೆಚ್ಚುವರಿ ದುಡ್ಡನ್ನು ಮತ್ತೆ ರೈತನ ಬಿಲ್ಲಿನಲ್ಲಿ ಮುರಿಯಬಾರದು. ಆಮೇಲೆ ಗುರುತಿನ ದಾರಿ ಬಿಟ್ಟು ಅಡ್ಡ ದಾರಿ ಹಿಡಿದವನ ಮೇಲೆ ಧಾರಾಳವಾಗಿ ದಂಡ ಹಾಕಿ, ನಾವೇ ಮುಂದೆ ನಿಂತು ಸುದ್ದಿ ಮಾಡುತ್ತೇವೆ.

ಅಲ್ಲಿಯ ತನಕ ಏನು ಮಾಡುವುದು? ಕಡಿಯಲು ಗ್ಯಾಂಗ್ ಬರುವ ಎರಡು ದಿನ ಮುಂಚೆ ಬೈಕ್ ತಗೊಂಡು ಡ್ರೈವರ್ ಜೊತೆ ನೀವೇ ದಾರಿ ನೋಡಿ ಬನ್ನಿ. ಹೊಲ ನಿಮ್ಮದು, ಊರ ಹಳ್ಳ ನಿಮಗೆ ಗೊತ್ತು, ಬೇರೆ ತಾಲ್ಲೂಕಿನಿಂದ ಬಂದ ಅವನಿಗೆ ಗೊತ್ತಿಲ್ಲ. ಒಂದು ಬಿದಿರಿನ ಗಳಕ್ಕೆ ನಿಮ್ಮ ಲೋಡಿನ ಎತ್ತರದಷ್ಟು ಗುರುತು ಹಾಕಿಕೊಂಡು ಹೋಗಿ. ಅಂಡರ್‌ಪಾಸಿನಲ್ಲಿ ನಿಲ್ಲಿಸಿ ಅಳೆಯಿರಿ. ಕರೆಂಟ್ ತಂತಿ ಹತ್ತಿರ ಮಾತ್ರ ಗಳ ಎತ್ತಬೇಡಿ, ದೂರದಿಂದ ಕಣ್ಣಳತೆ ಸಾಕು, ಅನುಮಾನ ಬಂದರೆ ಲೈನ್‌ಮನ್ ಕರೆಯಿರಿ. ಹೆದ್ದಾರಿ ಗ್ಯಾಪಿನಲ್ಲಿ ಐದು ನಿಮಿಷ ನಿಂತು, ದೂರದಲ್ಲಿ ಕಾರು ಕಂಡ ಕ್ಷಣದಿಂದ ನಿಮ್ಮ ಮುಂದೆ ಬರುವ ತನಕ ಎಣಿಸಿ. ಮೂವತ್ತು ಎಣಿಸುವ ಮುಂಚೆಯೇ ಬಂದುಬಿಟ್ಟರೆ ಅಲ್ಲಿ ದಾಟಬೇಡಿ ಅಂತ ಡ್ರೈವರಿಗೆ ಹೇಳಿ, ಸುತ್ತಿನ ಡೀಸೆಲ್‌ಗೆ 270 ರೂಪಾಯಿ ಅವನ ಕೈಗೇ ಕೊಡಿ. ರಸೀದಿ ಇಟ್ಟುಕೊಳ್ಳಿ, ಬಾಯ್ಲರ್ ಪೂಜೆಯ ದಿನ ಕಾರ್ಖಾನೆಯವರ ಮುಂದೆ ಇಡಲು ಬೇಕಾಗುತ್ತದೆ.